ಆರು ಮೊಳೆ, ಐದು ಸೌಟು

"ಮೊಳೆ ಆರಿವೆ. ಸೌಟು ಐದೇ ಇವೆಯಲ್ಲ?"

ಪಾತ್ರೆ ತೊಳೆಯುವ ಹೆಂಗಸು ತಲೆಯೆತ್ತಲಿಲ್ಲ. ಎರಡು ದಿನದಿಂದ ಪೊಲೀಸರ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಅವಳಿಗೆ ಸಾಕುಸಾಕಾಗಿತ್ತು. ಈಗ ಈ ನಿವೃತ್ತ ಪತ್ತೇದಾರ ಬೇರೆ ಗೋಡೆಗೆ ಮೂಗು ತಾಗಿಸಿಕೊಂಡು ನಿಂತಿದ್ದಾನೆ.

"ನಾನು ಬಂದು ಮೂರು ವಾರ ಆಯ್ತು ಅಷ್ಟೆ ಸಾಹೇಬ್ರೆ. ತೊಟ್ಟಿಗೆ ಬಿದ್ದಿದ್ದನ್ನ ತೊಳೀತೀನಿ, ಖಾಲಿ ಇರೋ ಮೊಳೆಗೆ ತಗುಲಿಹಾಕ್ತೀನಿ. ಯಾರದ್ದು ಯಾವುದು ಅಂತ ನನಗೇನು ಗೊತ್ತು?"

"ಮೊನ್ನೆ ಆರು ಇದ್ವಾ?"

"ಇದ್ವು ಅನ್ಸುತ್ತೆ. ಎಣಿಸಿ ಇಟ್ಕೊಂಡಿಲ್ಲ."

ಪತ್ತೇದಾರ ಗಡಿಯಾರ ನೋಡಿದ. ಮಧ್ಯಾಹ್ನ ಎರಡೂ ಹತ್ತು. ನಾಲ್ಕು ಗಂಟೆಗೆ ಇನ್ಸ್‌ಪೆಕ್ಟರ್ ಬಂದು ಅವನ ಅಕ್ಕನನ್ನು ಕರೆದುಕೊಂಡು ಹೋಗುತ್ತಾನೆ. ಹೋದ ವರ್ಷದವರೆಗೂ ತನ್ನ ಕೈಕೆಳಗೆ ಇದ್ದ ಹುಡುಗ, ಹಳೆಯ ಋಣಕ್ಕೆ ಎರಡು ಗಂಟೆ ಬಿಟ್ಟುಕೊಟ್ಟಿದ್ದಾನೆ. ಅದಕ್ಕಿಂತ ಹೆಚ್ಚು ಕೇಳುವ ಮುಖ ಇವನಿಗೂ ಇರಲಿಲ್ಲ.

ಮೊನ್ನೆ ಈ ದ್ರಾಕ್ಷಿತೋಟದ ಹೋಟೆಲಿನಲ್ಲಿ ಹೊಸ ವೈನಿನ ರುಚಿ ನೋಡಲು ಬಂದಿದ್ದ ಹನ್ನೊಂದು ಮಂದಿ ಅತಿಥಿಗಳು ಕುಂಬಳಕಾಯಿ ಸೂಪನ್ನು ಒಂದು ಚಮಚ ಬಾಯಿಗಿಟ್ಟು, ಮುಖ ಕಿವುಚಿ, ಬಟ್ಟಲು ದೂರ ಸರಿಸಿದರು. ಹೋಟೆಲಿನ ಮುದಿ ಯಜಮಾನರೊಬ್ಬರೇ ಸರಿಸಲಿಲ್ಲ. ತಮ್ಮ ಮನೆಯ ಅಡುಗೆಯನ್ನು ಬೇರೆಯವರ ಎದುರು ಬಿಟ್ಟುಕೊಡುವ ಜಾಯಮಾನ ಅವರದಲ್ಲ. "ಏನೂ ಆಗಿಲ್ಲ, ಸ್ವಲ್ಪ ಒಗರು ಅಷ್ಟೆ," ಎಂದು ಬಟ್ಟಲು ಬರಿದು ಮಾಡಿದರು. ಸಂಜೆಯ ಹೊತ್ತಿಗೆ ಆಸ್ಪತ್ರೆಯಲ್ಲಿದ್ದರು.

ಊಟದ ಹಾಲಿನ ಬಾಗಿಲಲ್ಲಿ ಅಂದಕ್ಕೆ ಜೋಡಿಸಿಟ್ಟಿದ್ದ ಒಂಬತ್ತು ಪಟ್ಟೆ ಕುಂಬಳಗಳಲ್ಲಿ ಮೂರು ಕಾಣೆಯಾಗಿದ್ದವು. ಅವುಗಳ ಸಿಪ್ಪೆ ಇದೇ ಅಡುಗೆಮನೆಯ ಕಸದ ಬಕೆಟ್ಟಿನಲ್ಲಿ ಸಿಕ್ಕಿತ್ತು. ಅವು ನೋಡುವ ಕಾಯಿಗಳೇ ಹೊರತು ತಿನ್ನುವ ಕಾಯಿಗಳಲ್ಲ. ಆ ಕಹಿಯೇ ವಿಷ ಎಂದು ಆಸ್ಪತ್ರೆಯವರು ಬರೆದುಕೊಟ್ಟಿದ್ದರು.

ಅಷ್ಟು ಸಾಲದೆಂಬಂತೆ ಗೋಡೆಯ ಮೇಲೆ ಆ ಹಲಗೆಯಿತ್ತು.

ಈ ಅಡುಗೆಮನೆಯಲ್ಲಿ ಅದಕ್ಕೆ ರುಚಿಹಲಗೆ ಎಂದು ಹೆಸರು. ಅಕ್ಕ ಇಲ್ಲಿ ಮುಖ್ಯ ಅಡುಗೆಯವಳಾಗಿ ಸೇರಿದ ದಿನವೇ ತೂಗುಹಾಕಿದ್ದಂತೆ. ಯಾವ ಪಾತ್ರೆಯೇ ಆಗಲಿ, ಅದರ ಹೆಸರಿನ ಮುಂದೆ ಅಕ್ಕನ ಕೈಯಿಂದ ಸೀಮೆಸುಣ್ಣದ ಗೀಟು ಬೀಳದೆ ಹಾಲಿಗೆ ಹೋಗುವಂತಿಲ್ಲ. ರುಚಿ ನೋಡಿದೆ, ಒಪ್ಪಿದೆ, ಬಡಿಸಿ ಎಂದು ಆ ಗೀಟಿನ ಅರ್ಥ. ಮೊನ್ನೆಯ ಬರಹ ಇನ್ನೂ ಹಾಗೇ ಇತ್ತು. ರೊಟ್ಟಿ, ಹುರಿದ ಮೀನು, ಅಣಬೆ ಗೊಜ್ಜು. ಎಲ್ಲಕ್ಕಿಂತ ಮೇಲೆ ಕುಂಬಳ ಸೂಪು. ಅದರ ಮುಂದೆ ಅಕ್ಕನ ಉದ್ದನೆಯ, ತುದಿ ಬಾಗಿದ ಗೀಟು.

ಇನ್ಸ್‌ಪೆಕ್ಟರನ ಲೆಕ್ಕ ಸರಳವಾಗಿತ್ತು. ಬಾಯಿಗಿಟ್ಟರೆ ಮಗುವೂ ಉಗುಳುವಷ್ಟು ಕಹಿ. ರುಚಿ ನೋಡಿದ ಮೇಲೂ ಗೀಟು ಹಾಕಿದ್ದಾಳೆ ಅಂದರೆ ಗೊತ್ತಿದ್ದೇ ಹಾಕಿದ್ದಾಳೆ. ಮೇಲಾಗಿ ಈ ತಿಂಗಳ ಕೊನೆಗೆ ಅವಳನ್ನು ಅಡುಗೆಮನೆಯಿಂದ ಬಿಡಿಸುವುದಾಗಿ ಯಜಮಾನರು ಹೇಳಿದ್ದರು. ಇನ್ನೇನು ಬೇಕು?

ಪತ್ತೇದಾರ ಒಂದು ಸೌಟು ಕೈಗೆತ್ತಿಕೊಂಡ. ಮರದ್ದು. ಇಲ್ಲಿಯ ಅಡುಗೆಯವರಲ್ಲಿ ಒಬ್ಬೊಬ್ಬರಿಗೂ ಒಂದೊಂದು. ಅದರಲ್ಲೇ ಕಲಕುವುದು, ಅದರಿಂದಲೇ ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡುವುದು. ಇನ್ನೊಬ್ಬರ ಸೌಟು ಮುಟ್ಟಿದರೆ ಇಲ್ಲಿ ಜಗಳವೇ ಆಗಿಬಿಡುತ್ತದೆ.

"ಇದರ ಅಂಚು ಹೀಗೆ ಯಾಕೆ ಓರೆಯಾಗಿ ಹೋಗಿದೆ?"

"ತಳ ಕೆರೆದೂ ಕೆರೆದೂ ಸವೀತದೆ," ಎಂದಳು ಹೆಂಗಸು. "ಬಲಗೈಯವರಲ್ವಾ, ಎಲ್ಲರದ್ದೂ ಎಡ ಅಂಚೇ ಸವೆಯೋದು. ನೋಡಿ ಬೇಕಾದ್ರೆ."

ನೋಡಿದ. ಐದೂ ಹಾಗೆಯೇ ಇದ್ದವು. ಅದನ್ನು ತಲೆಯ ಮೂಲೆಯಲ್ಲಿ ಹಾಕಿಟ್ಟುಕೊಂಡ. ಮೂವತ್ತೈದು ವರ್ಷದ ಚಾಳಿ ಒಂದೇ ವರ್ಷಕ್ಕೆ ಹೋಗುವುದಿಲ್ಲ.

ಬಡಿಸುವ ಕಿಂಡಿಯ ಆಚೆ ಊಟದ ಹಾಲು ಕಾಣುತ್ತಿತ್ತು. ಅಡುಗೆಯವರನ್ನೆಲ್ಲ ಅಲ್ಲಿ ಕೂರಿಸಿ ಹೇಳಿಕೆ ಬರೆಸುತ್ತಿದ್ದರು. ಕೊನೆಯ ಮೇಜಿನಲ್ಲಿ ಅವನ ಮಗಳು. ಅಡುಗೆಮನೆಯಲ್ಲಿ ಅಕ್ಕನ ನಂತರದ ಜಾಗ ಅವಳದೇ. ಚಿಕ್ಕಂದಿನಂತೆಯೇ, ಬರೆದದ್ದರ ಮೇಲೆ ಕೈ ಎಳೆದು ಅಂಗೈಗೆಲ್ಲ ಮಸಿ ಮಾಡಿಕೊಂಡು ಬರೆಯುತ್ತಿದ್ದಳು. ಅಪ್ಪನನ್ನು ಕಂಡು ನಗಲು ನೋಡಿದಳು, ಆಗಲಿಲ್ಲ. ಅವಳಿಗೆ ಐದು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ಆಮೇಲೆ ಸಾಕಿದ್ದು ಈ ಸೋದರತ್ತೆಯೇ. ಅಪ್ಪನಾದವನು ಕಳ್ಳರ ಹಿಂದೆ ಓಡಾಡಿಕೊಂಡಿದ್ದ.

ಅತ್ತೆಯನ್ನು ಉಳಿಸಿಕೊಡು ಎಂದು ನಿನ್ನೆ ಅವನ ಎರಡೂ ಕೈ ಹಿಡಿದು ಅತ್ತಿದ್ದಳು. ಉಳಿಸುತ್ತೇನೆ ಎಂದು ದೊಡ್ಡದಾಗಿ ಹೇಳಿದ್ದೂ ಆಗಿತ್ತು.

ಅಡುಗೆಮನೆಗೆ ಅಂಟಿಕೊಂಡಂತೆ ಅಕ್ಕನ ಪುಟ್ಟ ಕೋಣೆ. ಒಂದು ಮೇಜು, ಎರಡು ಕುರ್ಚಿ, ಗೋಡೆಯುದ್ದಕ್ಕೂ ಮಸಾಲೆ ಡಬ್ಬಿಗಳು. ಮೇಜಿನ ಮೇಲೆ ಉದ್ದನೆಯ ಮರದ ಪೆಟ್ಟಿಗೆ, ಅದರ ತುಂಬ ಕಾರ್ಡುಗಳು. ಇಪ್ಪತ್ತು ವರ್ಷದಿಂದ ಅಕ್ಕ ಬರೆಯುತ್ತಿರುವ ಪಾಕಕೋಶ. ಸಾಮಾನುಗಳಿಗೆ ಒಂದು ಕಂತೆ, ಉಪಕರಣಗಳಿಗೆ ಒಂದು, ತಿನಿಸುಗಳಿಗೆ ಒಂದು, ವೈನಿನ ದ್ರಾಕ್ಷಿಗಳಿಗೆ ಇನ್ನೊಂದು. ಅಡುಗೆಮನೆಗೆ ಹೊಸದಾಗಿ ಬಂದವರು ಪದ ಗೊತ್ತಿಲ್ಲದೆ ಪೆಚ್ಚಾಗಿ ನಿಲ್ಲಬಾರದು ಎಂದು ಶುರು ಮಾಡಿದ್ದು. ಒಂದೊಂದು ಕಾರ್ಡಿನ ಮೂಲೆಯಲ್ಲೂ ಬರೆದ ತಾರೀಖು.

ಅಕ್ಕನನ್ನು ಮೇಲಿನ ಕೋಣೆಯಿಂದ ಕರೆತರಲು ಕಾನ್‌ಸ್ಟೇಬಲ್ ಹೋಗಿದ್ದ. ಸುಮ್ಮನೆ ಕೂರಲಾಗದೆ ಪತ್ತೇದಾರ ಕಾರ್ಡುಗಳನ್ನು ಮಗುಚತೊಡಗಿದ.

"ಒಣಶುಂಠಿ: ಮೊದಲು ಏನೂ ಇಲ್ಲದಂತೆ ನಟಿಸುತ್ತದೆ. ಆಮೇಲೆ ನಾಲಿಗೆಯ ಬುಡದಲ್ಲಿ ಎದ್ದು ಕೂರುತ್ತದೆ. ನಂಬಬೇಡಿ."

ಅವನಿಗೆ ನಗು ಬಂತು. ಅಕ್ಕ ಎದುರಿಗೆ ಕೂತು ಮಾತಾಡಿದಂತೆಯೇ ಇತ್ತು.

"ರೀಸ್ಲಿಂಗ್: ಬಿಳಿ ದ್ರಾಕ್ಷಿ. ಹುಳಿ ಬಂದು ಬಾಗಿಲು ತೆಗೆಯುತ್ತದೆ, ಸಿಹಿ ಒಳಗೆ ಕೂತಿರುತ್ತದೆ. ಮೀನಿನ ಜೊತೆ ಕೊಡಿ."

"ತಾಮ್ರದ ಬಾಣಲೆ: ಸಕ್ಕರೆ ಪಾಕಕ್ಕೆ ಇದೇ ಆಗಬೇಕು. ಹುಳಿ ಹಾಕಿದಿರೋ, ಲೋಹ ಬಾಯಿಗೆ ಬರುತ್ತದೆ, ನನ್ನ ಬೈಗುಳ ಕಿವಿಗೆ ಬರುತ್ತದೆ."

ಉಪಕರಣದ ಕಾರ್ಡಿನಲ್ಲೂ ನಾಲಿಗೆ ಬಾರದೆ ಇರಲಿಲ್ಲ. ಹಾಗೆ ಮಗುಚುತ್ತಾ ಈ ವರ್ಷದ ಕಾರ್ಡುಗಳಿಗೆ ಬಂದ.

"ಮೆರ್ಲೋ: ಕಪ್ಪು ದ್ರಾಕ್ಷಿ. ಸಿಪ್ಪೆ ತೆಳು. ಗೊಂಚಲು ಸಡಿಲ. ಬೆರಳಲ್ಲಿ ಒತ್ತಿದರೆ ಬೇಗ ಒಡೆಯುತ್ತದೆ."

"ಸೋಂಪು: ಹಸಿರಿದ್ದರೆ ಹೊಸದು, ಕಂದಿದ್ದರೆ ಹಳೆಯದು. ಹುರಿಯುವಾಗ ಚಟಪಟ ಸದ್ದು ನಿಂತ ಕೂಡಲೇ ಇಳಿಸಿ."

"ಈರುಳ್ಳಿ ಗೊಜ್ಜು: ಸೌಟಿನ ಬೆನ್ನಿಗೆ ಅಂಟಬೇಕು. ಬಣ್ಣ ಹಳೆಯ ಇಟ್ಟಿಗೆಯಂತೆ."

ಇನ್ನೊಂದು ತೆಗೆದ, ಮತ್ತೊಂದು ತೆಗೆದ. ಮೂವತ್ತೆಂಟು ಕಾರ್ಡು ಓದಿದ. ಬಣ್ಣವಿತ್ತು, ಸದ್ದಿತ್ತು, ತೂಕವಿತ್ತು, ಬೆರಳಿಗೆ ಸಿಗುವ ನಯ, ಒರಟು ಎಲ್ಲ ಇತ್ತು. ರುಚಿ ಒಂದೇ ಒಂದು ಕಡೆಯೂ ಇರಲಿಲ್ಲ. ವಾಸನೆಯೂ ಇರಲಿಲ್ಲ.

ಎಂಟು ತಿಂಗಳ ಹಿಂದಿನ ಒಂದು ತಾರೀಖಿನಿಂದ ಅಕ್ಕನ ಕೋಶದಲ್ಲಿ ನಾಲಿಗೆ ಸತ್ತುಹೋಗಿತ್ತು.

ಎಂಟು ತಿಂಗಳ ಹಿಂದೆ ಅಕ್ಕ ಹದಿನೈದು ದಿನ ಜ್ವರ ಬಂದು ಮಲಗಿದ್ದಳು. ಫೋನಿನಲ್ಲಿ ಎರಡು ಸಲ ವಿಚಾರಿಸಿದ್ದ. ಬಂದು ನೋಡಿರಲಿಲ್ಲ.

"ಏನೋ ಪುಟ್ಟ, ನನ್ನ ಪೆಟ್ಟಿಗೆಗೆ ಕೈ ಹಾಕಿದೀಯ?"

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಅರವತ್ತು ದಾಟಿದ, ತಲೆ ಬೋಳಾದ ಈ ಮನುಷ್ಯನನ್ನು ಪುಟ್ಟ ಎಂದು ಕರೆಯುವವಳು ಜಗತ್ತಿನಲ್ಲಿ ಅವಳೊಬ್ಬಳೇ. ಇಸ್ತ್ರಿ ಮಾಡಿದ ಬಿಳಿ ಮೇಲಂಗಿ ಹಾಕಿಕೊಂಡಿದ್ದಳು. ಸ್ಟೇಷನ್ನಿಗೆ ಹೋಗುವುದಾದರೂ ನೆಟ್ಟಗೆ ಹೋಗಬೇಕು ಎಂಬ ಹಟ.

"ಕೂತ್ಕೋ ಅಕ್ಕ. ಒಂದು ಸಣ್ಣ ಕೆಲಸ ಇದೆ."

ಮೇಜಿನ ಮೇಲೆ ಎರಡು ಬಟ್ಟಲು ಇಟ್ಟ. ಎರಡರಲ್ಲೂ ಬಿಳಿ ಪುಡಿ. "ಯಾವುದು ಉಪ್ಪು, ಯಾವುದು ಸಕ್ಕರೆ, ಹೇಳು."

"ತಲೆ ಕೆಟ್ಟಿದೆಯಾ ನಿನಗೆ?"

"ಹೇಳು ಅಕ್ಕ."

ಅವಳು ನಿಟ್ಟುಸಿರುಬಿಟ್ಟು ಒಂದು ಚಿಟಿಕೆ ತೆಗೆದು ಬೆರಳ ತುದಿಯಲ್ಲಿ ಉಜ್ಜಿದಳು. ಇನ್ನೊಂದರಿಂದಲೂ ಚಿಟಿಕೆ ತೆಗೆದಳು. "ಇದು ಉಪ್ಪು, ಇದು ಸಕ್ಕರೆ. ಸಕ್ಕರೆ ಬೆರಳಿಗೆ ಅಂಟುತ್ತೆ. ಪೊಲೀಸ್ ಕೆಲಸದಲ್ಲಿ ಇದೇನಾ ಕಲಿಸಿದ್ದು?"

ಉತ್ತರ ಸರಿಯಾಗಿತ್ತು. ತಪ್ಪಾಗಿದ್ದರೆ ಅವನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

"ನಾಲಿಗೆಗೆ ಯಾಕೆ ಹಾಕ್ಲಿಲ್ಲ?"

ಅಕ್ಕ ಬೆರಳಿನ ಪುಡಿ ಕೊಡವಿಕೊಂಡಳು.

"ಉಪ್ಪು ಸಕ್ಕರೆ ಗೊತ್ತುಮಾಡೋಕೆ ಮೂರು ವರ್ಷದ ಕೂಸೂ ನಾಲಿಗೆ ಚಾಚುತ್ತೆ. ನಲವತ್ತು ವರ್ಷ ಅಡುಗೆ ಮಾಡಿದವಳು ನೀನು ಬೆರಳಲ್ಲಿ ಉಜ್ಜಿದೆ. ಎಷ್ಟು ದಿನ ಆಯ್ತು ಅಕ್ಕ, ರುಚಿ ಹೋಗಿ?"

ಅವಳು ಬಟ್ಟಲುಗಳನ್ನು ಒಂದರ ಪಕ್ಕ ಒಂದು ಸರಿಯಾಗಿ ಜೋಡಿಸಿದಳು.

"ಜ್ವರ ಬಿಟ್ಟ ದಿನ ಗಂಜಿ ಕುಡಿದೆ. ಬಿಸಿ ಗೊತ್ತಾಯ್ತು, ಗಂಜಿ ಗೊತ್ತಾಗ್ಲಿಲ್ಲ. ನಾಳೆ ಬರುತ್ತೆ, ನಾಡಿದ್ದು ಬರುತ್ತೆ ಅಂತ ಕಾದೆ. ಮೆಣಸು ಅಗಿದೆ, ನಿಂಬೆಹಣ್ಣು ಕಚ್ಚಿದೆ. ಒಬ್ಬಳೇ ಇದ್ದಾಗ ಹಾಗಲಕಾಯಿ ಹಸಿಯಾಗೇ ತಿಂದೆ ಕಣೋ. ಬರೀ ನೀರು ಅಗಿದ ಹಾಗೆ."

"ಡಾಕ್ಟರು?"

"ಬಂದ್ರೆ ಬರುತ್ತೆ, ಇಲ್ಲದಿದ್ರೆ ಇಲ್ಲ ಅಂದ್ರು."

ಪತ್ತೇದಾರನಿಗೆ ಅಳು ಬಂದಂತಾಯಿತು. ಆದರೂ ಆ ಅಳುವಿನ ಅಡಿಯಲ್ಲೇ ಒಂದು ಆಸೆ ಚಿಗುರಿತು. ಮುಂದಕ್ಕೆ ಬಾಗಿದ.

"ಅಕ್ಕ, ಇದನ್ನ ಹೇಳಿಬಿಡು. ಕಹಿ ಗೊತ್ತಾಗದವಳು ಗೊತ್ತಿದ್ದೂ ಹೇಗೆ ಗೀಟು ಹಾಕ್ತಾಳೆ? ಡಾಕ್ಟರ ಚೀಟಿ ಒಂದು ಸಾಕು. ಇನ್ಸ್‌ಪೆಕ್ಟರಿಗೆ ನಿನ್ನ ಮುಟ್ಟೋಕಾಗಲ್ಲ."

"ಹೇಳಲ್ಲ."

"ಮರ್ಯಾದೆ ನೋಡ್ತಾ ಕೂರೋ ಹೊತ್ತಾ ಇದು?"

"ಹೇಳಲ್ಲ ಅಂದ್ನಲ್ಲ. ಸೂಪಿನ ರುಚಿ ನಾನೇ ನೋಡಿದೆ. ಸರಿ ಅನ್ನಿಸ್ತು. ಗೀಟು ಹಾಕಿದೆ. ಬರ್ಕೊಳ್ಳಿ."

ಇವಳ ಹಟ ಅವನಿಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಇವನು ಒಡೆದ ಲೋಟಕ್ಕೆ ಇವಳು ಪೆಟ್ಟು ತಿಂದಿದ್ದಳು, ಬಾಯಿ ಬಿಟ್ಟಿರಲಿಲ್ಲ. ಆ ನೆನಪು ಬಂದದ್ದೇ ತಡ, ಅವನ ತಲೆಯೊಳಗೆ ಏನೋ ತಿರುಗಿತು. ಅಕ್ಕ ಮರ್ಯಾದೆಗೆ ಬಾಯಿಗೆ ಬೀಗ ಹಾಕಿಕೊಂಡಿಲ್ಲ. ಯಾರನ್ನೋ ಉಳಿಸುತ್ತಿದ್ದಾಳೆ.

"ಎಂಟು ತಿಂಗಳು ಒಂದು ಪಾತ್ರೆಯೂ ಕೆಟ್ಟಿಲ್ಲ," ಎಂದ ನಿಧಾನವಾಗಿ. "ಉಪ್ಪು ಹೆಚ್ಚಾಗಿಲ್ಲ, ಹುಳಿ ಕಡಿಮೆಯಾಗಿಲ್ಲ. ನಿನ್ನ ಬದಲು ಬೇರೆ ಯಾರೋ ರುಚಿ ನೋಡ್ತಿದ್ರು."

"ಅಭ್ಯಾಸಬಲ. ಕೈಗೇ ಗೊತ್ತಿರುತ್ತೆ."

"ಹೇಗೆ ತಿಳಿಸ್ತಿದ್ರು? ಬಾಯಿ ಬಿಟ್ಟು ಹೇಳೋ ಹಾಗಿಲ್ಲ, ಎಲ್ಲರ ಕಿವಿಗೂ ಬೀಳುತ್ತೆ." ಅವನು ಬಾಗಿಲಿನಾಚೆ ಕಾಣುತ್ತಿದ್ದ ಮೊಳೆಗಳನ್ನು ನೋಡಿದ. ಐದು ಸೌಟುಗಳೂ ಗುಳಿ ಹೊರಗೆ ಮಾಡಿ ತೂಗುತ್ತಿದ್ದವು. ಒಂದನ್ನು ತಿರುಗಿಸಿಟ್ಟರೆ ಇಲ್ಲಿಂದಲೇ ಕಾಣುವಂತಿತ್ತು. "ಸೌಟು ತಗುಲಿಹಾಕೋ ರೀತೀಲಿ. ಅಲ್ವಾ?"

ಬಟ್ಟಲುಗಳನ್ನು ಮತ್ತೆ ಸರಿಸುತ್ತಿದ್ದ ಅಕ್ಕನ ಕೈ ನಿಂತಿತು. ಅಷ್ಟು ಸಾಕಾಗಿತ್ತು.

"ಗುಳಿ ಗೋಡೆ ಕಡೆ ಇದ್ರೆ ಸರಿ ಇದೆ ಅಂತ," ಎಂದಳು ಕೊನೆಗೆ, ದನಿಯೇ ಇಲ್ಲದೆ. "ಗುಳಿ ಹೊರಗಿದ್ರೆ ನಿಲ್ಲಿಸು ಅಂತ. ಮೊನ್ನೆ ಗೋಡೆ ಕಡೆ ಇತ್ತು. ಅದನ್ನ ನೋಡಿ ಗೀಟು ಹಾಕಿದೆ. ಇಷ್ಟೇ. ಇನ್ನು ಕೇಳಬೇಡ ಪುಟ್ಟ. ಕೈ ಮುಗೀತೀನಿ."

"ಯಾರ ಸೌಟು?"

"ಕೇಳಬೇಡ ಅಂದ್ನಲ್ಲ!"

ಅಕ್ಕ ಅವನನ್ನು ನೋಡಲಿಲ್ಲ. ಕಾರ್ಡಿನ ಪೆಟ್ಟಿಗೆಯನ್ನು ನೋಡಿದಳು, ಕೂಡಲೇ ಕಣ್ಣು ತೆಗೆದಳು. ಪಾಪ, ಸುಳ್ಳು ಹೇಳಿ ಅಭ್ಯಾಸವಿದ್ದವರು ಹಾಗೆ ನೋಡುವುದಿಲ್ಲ.

ಅವನು ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡ. ದ್ರಾಕ್ಷಿಗಳ ಕಂತೆಯ ಹಿಂದೆ, ಕೊನೆಯ ಅಡ್ಡರಟ್ಟಿನ ಆಚೆ, ಅಡುಗೆಮನೆಯ ಬಟ್ಟೆಯಲ್ಲಿ ಸುತ್ತಿದ್ದ ಉದ್ದನೆಯ ವಸ್ತು ಕೈಗೆ ಸಿಕ್ಕಿತು. ಅಕ್ಕ ಅವನ ಮಣಿಕಟ್ಟು ಹಿಡಿದುಕೊಂಡಳು. ಅವನು ಮೆತ್ತಗೆ ಬಿಡಿಸಿಕೊಂಡ.

ಆರನೆಯ ಸೌಟು.

ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಅದರ ಎಡ ಅಂಚು ಹೊಸದರಂತೆ ದುಂಡಗಿತ್ತು. ಸವೆದದ್ದು ಬಲ ಅಂಚು.

ಈ ಅಡುಗೆಮನೆಯಲ್ಲಿ ಎಡಗೈಯವರು ಒಬ್ಬರೇ. ಹಾಲಿನಲ್ಲಿ ಕೂತು, ಬರೆದದ್ದರ ಮೇಲೆ ಕೈ ಎಳೆದು ಮಸಿ ಮಾಡಿಕೊಳ್ಳುತ್ತಿರುವವಳು. ಅವಳಿಗೆ ಆರು ವರ್ಷವಾಗಿದ್ದಾಗ ಆ ಎಡಗೈಗೆ ಅಡಿಕೋಲಿನಿಂದ ಹೊಡೆದು ಪೆನ್ಸಿಲನ್ನು ಬಲಗೈಗೆ ಕೊಟ್ಟವನು ಇವನೇ. ಅಂದು ಅಕ್ಕ ಅಡಿಕೋಲು ಕಿತ್ತುಕೊಂಡು ಕಿಟಕಿಯಿಂದಾಚೆ ಎಸೆದಿದ್ದಳು.

"ಅವಳು ಏನೂ ಮಾಡಿಲ್ಲ," ಎಂದಳು ಅಕ್ಕ. "ನಾನು ಸಾಕಿದ ಮಗು. ನನಗೆ ಗೊತ್ತು."

"ಹಾಗಿದ್ರೆ ಇದನ್ನ ಯಾಕೆ ಬಚ್ಚಿಟ್ಟೆ?"

ಮಗಳು ಮಾಡಿದ್ದಾಳೋ ಇಲ್ಲವೋ ಅಕ್ಕನಿಗೂ ಗೊತ್ತಿಲ್ಲ ಎಂಬುದು ಅವನಿಗೆ ಅರ್ಥವಾಯಿತು. ಮಗಳು ರುಚಿ ನೋಡಿದ್ದರೆ ಕಹಿ ಗೊತ್ತಾಗಿರಬೇಕು. ಗೊತ್ತಾಗಿಯೂ ಸೌಟನ್ನು ಗೋಡೆಗೆ ತಿರುಗಿಸಿದ್ದರೆ? ಅತ್ತೆಯನ್ನು ಮನೆಗೆ ಕಳಿಸುತ್ತೇನೆಂದ ಯಜಮಾನರ ಮೇಲೆ ಅವಳು ಎಷ್ಟು ಕುದಿಯುತ್ತಿದ್ದಳೆಂದು ಇಡೀ ಅಡುಗೆಮನೆಗೆ ಗೊತ್ತು. ಅತ್ತೆಗಾಗಿ ಅವಳು ಏನನ್ನಾದರೂ ಮಾಡಿಯಾಳು.

ಸೌಟು ಹೊರಗೆ ತಂದರೆ ಅಕ್ಕ ಉಳಿಯುತ್ತಾಳೆ, ಮಗಳು ಹೋಗುತ್ತಾಳೆ. ಬಚ್ಚಿಟ್ಟರೆ ಮಗಳು ಉಳಿಯುತ್ತಾಳೆ, ಅಕ್ಕ ಹೋಗುತ್ತಾಳೆ. ನಿನ್ನೆ ಉಳಿಸುತ್ತೇನೆ ಎಂದು ಮಾತು ಕೊಟ್ಟದ್ದೂ ಆ ಮಗಳಿಗೇ.

ಆಗ ನೆನಪಾಯಿತು, ಪಾತ್ರೆ ತೊಳೆಯುವವಳ ಮಾತು. ತೊಟ್ಟಿಗೆ ಬಿದ್ದಿದ್ದನ್ನ ತೊಳೀತೀನಿ, ಖಾಲಿ ಮೊಳೆಗೆ ತಗುಲಿಹಾಕ್ತೀನಿ. ಹೇಗೆ ಬೇಕೋ ಹಾಗೆ! ಈ ಸಂಕೇತ ಆ ಹೊಸಬಳಿಗೆ ಎಲ್ಲಿಂದ ಗೊತ್ತಿರಬೇಕು? ಮಗಳು ಸೂಪಿನ ಹತ್ತಿರ ಹೋಗುವ ಮೊದಲೇ ಅವಳು ಆ ಸೌಟನ್ನು ತೊಳೆದು, ಗುಳಿಯನ್ನು ಗೋಡೆಗೆ ಮಾಡಿ ತೂಗುಹಾಕಿದ್ದರೆ, ಅಕ್ಕ ನೋಡಿದ್ದು ಬರೀ ತೊಳೆದಿಟ್ಟ ಸೌಟು. ಸೂಪನ್ನು ಯಾರೂ ರುಚಿ ನೋಡಿಯೇ ಇಲ್ಲ.

"ಅಕ್ಕ, ಅವಳ ಹತ್ರ ಒಂದೇ ಮಾತು ಕೇಳ್ಬೇಕು. ನಾನೊಬ್ಬನೇ. ಒಂದು ನಿಮಿಷ ಸಾಕು." ಸೌಟನ್ನು ಕೋಟಿನ ಒಳಜೇಬಿಗೆ ತುರುಕಿಕೊಂಡು ಎದ್ದ.

ಬಾಗಿಲು ತೆರೆದುಕೊಂಡಿತು. ಇನ್ಸ್‌ಪೆಕ್ಟರ್ ನಿಂತಿದ್ದ. ಗಂಟೆ ಇನ್ನೂ ಮೂರಾಗಿತ್ತಷ್ಟೆ.

"ಸರ್, ಇನ್ನೂ ಒಂದು ಗಂಟೆ ಇತ್ತು, ಗೊತ್ತು," ಎಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. "ಆಸ್ಪತ್ರೆಯಿಂದ ಫೋನ್ ಬಂತು. ಯಜಮಾನ್ರು ಹೋಗಿಬಿಟ್ರು. ಇನ್ನು ಇದು ಕೊಲೆ ಕೇಸು. ನನ್ನ ಕೈಯಲ್ಲೂ ಏನೂ ಇಲ್ಲ."

ಅಕ್ಕ ಎದ್ದು ನಿಂತಳು. ಇಪ್ಪತ್ತು ವರ್ಷ ಒಬ್ಬರೊಡನೊಬ್ಬರು ಜಗಳವಾಡಿಕೊಂಡು ಒಂದೇ ಸೂರಿನಡಿ ಕೆಲಸ ಮಾಡಿದ ಮನುಷ್ಯ. ಅವಳ ಕಣ್ಣಲ್ಲಿ ನೀರು ತುಂಬಿತು. "ಪೂರ್ತಿ ಯಾಕೆ ಕುಡಿದ್ರಪ್ಪಾ ಅವರು?" ಎಂದು ಯಾರನ್ನೋ ಕೇಳಿದಳು. ಆಮೇಲೆ ಮೇಲಂಗಿಯ ಗುಂಡಿ ಸರಿಮಾಡಿಕೊಂಡಳು. "ನಡೀರಿ. ರುಚಿ ನೋಡಿದವಳು ನಾನೇ."

"ಅಲ್ಲ."

ಇನ್ಸ್‌ಪೆಕ್ಟರನ ಬೆನ್ನ ಹಿಂದೆ ಮಗಳು ನಿಂತಿದ್ದಳು. ಹಾಲಿನಿಂದ ಓಡಿಬಂದು ಏದುಸಿರುಬಿಡುತ್ತಿದ್ದಳು.

"ಅತ್ತೇನ ಕರ್ಕೊಂಡು ಹೋಗ್ಬೇಡಿ. ಸೂಪಿನ ರುಚಿ ನೋಡಿದ್ದು ಅತ್ತೆ ಅಲ್ಲ, ನಾನು."

"ಸುಳ್ಳು!" ಎಂದಳು ಅಕ್ಕ. "ನಂಬಬೇಡಿ, ನನ್ನ ಮೇಲಿನ ಪ್ರೀತಿಗೆ ಹೇಳ್ತಿದಾಳೆ!"

ಪತ್ತೇದಾರ ಮಗಳ ಕಡೆ ನೋಡಿ ತಲೆಯಾಡಿಸಿದ. ಬೇಡ, ಮಾತಾಡಬೇಡ ಎಂದು ಕಣ್ಣಲ್ಲೇ ಅಂಗಲಾಚಿದ. ಅವಳು ಅಪ್ಪನ ಕಡೆ ನೋಡಲೇ ಇಲ್ಲ.

ಇನ್ಸ್‌ಪೆಕ್ಟರ್ ಮೆತ್ತಗೆ ಕೇಳಿದ. ಆ ಮೆತ್ತನೆಯ ದನಿಯನ್ನು ಅವನಿಗೆ ಕಲಿಸಿದ್ದೂ ಇದೇ ಪತ್ತೇದಾರನೇ. "ನೋಡಿದ್ರಾ? ಹಾಗಿದ್ರೆ ಹೇಳಿ. ಕಹಿ ಇತ್ತಾ, ಇರಲಿಲ್ವಾ?"

ಮಗಳು ಬಾಯಿ ತೆರೆದಳು. ಎಡಗೈ ಎತ್ತಿ, ಮಸಿ ಹತ್ತಿದ ಅಂಗೈಯನ್ನು ತಾನೇ ಒಮ್ಮೆ ನೋಡಿಕೊಂಡಳು.

"ಇರಲಿಲ್ಲ. ಸಿಹಿಯಾಗಿತ್ತು. ಅದಕ್ಕೇ ಸೌಟು ಗೋಡೆ ಕಡೆ ತಿರುಗಿಸಿದೆ."

ಹಾಗಿದ್ದರೆ ಆಮೇಲೆ ಯಾರೋ ಪಾತ್ರೆಗೆ ಕೈ ಹಾಕಿದ್ದಾರೆ. ಇಲ್ಲವೇ ಇವಳು ಸೂಪನ್ನು ಮುಟ್ಟೇ ಇಲ್ಲ, ಅತ್ತೆಗಾಗಿ ಕೊರಳು ಕೊಡುತ್ತಿದ್ದಾಳೆ. ಅದೂ ಅಲ್ಲದಿದ್ದರೆ... ಮುಂದಕ್ಕೆ ಯೋಚಿಸುವ ಧೈರ್ಯ ಅವನಿಗಾಗಲಿಲ್ಲ. ಮೂವತ್ತೈದು ವರ್ಷ ಮುಖ ನೋಡಿಯೇ ಸುಳ್ಳು ಹಿಡಿದವನಿಗೆ ಈ ಒಂದು ಮುಖ ಓದಲು ಬರಲಿಲ್ಲ. ಓದಲು ಬರುವಷ್ಟು ದಿನ ಅವನು ಮನೆಯಲ್ಲಿ ಇದ್ದದ್ದಾದರೂ ಯಾವಾಗ?

"ಯಾವ ಸೌಟು?" ಎಂದ ಇನ್ಸ್‌ಪೆಕ್ಟರ್.

"ನನ್ನದು. ಆರನೇ ಮೊಳೆಯದು. ಮೊನ್ನೆಯಿಂದ ಕಾಣ್ತಿಲ್ಲ."

ಇನ್ಸ್‌ಪೆಕ್ಟರ್ ಗೋಡೆಯ ಮೊಳೆಗಳನ್ನು ಎಣಿಸಿದ. ಆಮೇಲೆ ಮೇಜಿನ ಮೇಲೆ ಬಿದ್ದಿದ್ದ ಬರಿಯ ಬಟ್ಟೆಯನ್ನು ನೋಡಿದ. ಕೊನೆಗೆ ತನ್ನ ಗುರುವಿನ ಕೋಟಿನಿಂದ ಅರ್ಧ ಗೇಣು ಹೊರಗೆ ಚಾಚಿಕೊಂಡಿದ್ದ ಮರದ ಹಿಡಿಯ ಮೇಲೆ ಅವನ ಕಣ್ಣು ನಿಂತಿತು.

"ಸರ್," ಎಂದು ಕೈ ಮುಂದೆ ಮಾಡಿದ. "ನಿಮ್ಮ ಜೇಬಲ್ಲಿ ಇರೋದು ಏನು?"